ನಿಮಗಿದು ಗೊತ್ತೆ? ಇಬ್ಬರ ಭಾರ, ಒಂದೇ ಕೊಂಬೆ

ದೆಹಲಿಯ ಕರ್ತವ್ಯ ಪಥದ ನೇರಳೆ ಮರಗಳಂಥ ಎತ್ತರದ ಮರವೊಂದರಲ್ಲಿ ಹಗ್ಗದ ಆಸರೆಯಿಂದ ಕೆಲಸ ಮಾಡುವವನು ಪ್ರಜ್ಞೆ ತಪ್ಪಿದರೆ, ರಕ್ಷಿಸಲು ಏರಿದವನ ಸಲಕರಣೆ ಒಮ್ಮೆಗೇ ಇಬ್ಬರ ಭಾರವನ್ನು ಹೊರಬೇಕಾಗುತ್ತದೆ.

ಇಂಥ ಸಲಕರಣೆಗಳ ಮೇಲೆ ನಮೂದಿಸುವ ಕಿಲೋನ್ಯೂಟನ್ ಎಂಬ ಬಲದ ಮಾನವು ಸುಮಾರು 102 ಕೆ.ಜಿ. ತೂಗುವ ವಸ್ತುವಿನ ಸೆಳೆತಕ್ಕೆ ಸಮ. ತಲಾ 80 ಕೆ.ಜಿ.ಯ ಇಬ್ಬರಿಗೆ 20 ಕೆ.ಜಿ. ಸಲಕರಣೆ ಸೇರಿದರೂ ಸೆಳೆತ 1.8 ಕಿಲೋನ್ಯೂಟನ್ ದಾಟದು. ಸಾಮಾನ್ಯ ಕ್ಯಾರಬೈನರ್, ಎಂದರೆ ಬಾಗಿಲುಳ್ಳ ಲೋಹದ ಕೊಂಡಿ, 20ಕ್ಕೂ ಹೆಚ್ಚು ಕಿಲೋನ್ಯೂಟನ್ ತಡೆಯುತ್ತದೆ.

ಆದುದರಿಂದ ಆತಂಕವಿರುವುದು ಕೊಂಡಿಯಲ್ಲಲ್ಲ, ಹಗ್ಗವನ್ನು ಹಿಡಿದು ಇಳಿಸುವ ಸಾಧನದಲ್ಲಿ. ಅದರ ಮೇಲೆ ಒಬ್ಬನಿಗೆಂದು ನಮೂದಿಸಿದ ಗರಿಷ್ಠ ತೂಕವು ಒಡೆಯುವ ಮಿತಿಯಲ್ಲ, ಬಳಕೆಯ ಮಿತಿ. ಅದನ್ನು ಮೀರಿದಾಗ ಸಾಧನವು ಜಾರಬಹುದು, ಘರ್ಷಣೆಯಿಂದ ಕಾಯ್ದು ಹಗ್ಗದ ಹೊರಕವಚವನ್ನು ಕೆಡಿಸಬಹುದು. ಹಗ್ಗದಿಂದಲೇ ಸುತ್ತಿದ ಹಿಡಿತದ ಗಂಟುಗಳಾದರೋ ಇಬ್ಬರ ಭಾರಕ್ಕೆ ಬಿಗಿದು, ಸಡಿಲಿಸಲಾಗದೆ ನಿಂತುಬಿಡಬಹುದು.

ಹಲವರು ಮರೆಯುವುದು ಕೊಂಬೆಯನ್ನು. ಹಗ್ಗವನ್ನು ಕವಲಿನ ಮೇಲಿಂದ ಹಾಯಿಸಿ ಬುಡಕ್ಕೆ ಕಟ್ಟಿದರೆ, ಘರ್ಷಣೆಯನ್ನು ಬದಿಗಿಟ್ಟು ಲೆಕ್ಕಹಾಕಿದಾಗ, ಎರಡೂ ಎಳೆಗಳು ಸಮನಾಗಿ ಕೆಳಕ್ಕೆಳೆಯುವುದರಿಂದ ಕವಲಿನ ಮೇಲಿನ ಹೊರೆ ಇಮ್ಮಡಿಸಿ ಸುಮಾರು 3.5 ಕಿಲೋನ್ಯೂಟನ್ ಆಗುತ್ತದೆ. ಜರ್ಕು ಬಿದ್ದರೆ ಇದು ಇನ್ನೂ ಏರುತ್ತದೆ. ಕೊಂಡಿಗೆ ಕಾರ್ಖಾನೆಯಲ್ಲಿ ಪರೀಕ್ಷೆಯ ಮುದ್ರೆಯುಂಟು, ಕೊಂಬೆಗೆ ಯಾವ ಮುದ್ರೆಯೂ ಇಲ್ಲ. ಒಳಗೆ ಟೊಳ್ಳಾಗಿರುವುದು ಹೊರಗಿನಿಂದ ಕಾಣದೆಯೂ ಇರಬಹುದು.