ಎಡ ತಿರುವಿನ ವಿದ್ಯೆ

ಫ್ಲಾರಿಡಾದ ಡೇಟೋನಾ ಟ್ರ್ಯಾಕಿನ ತಿರುವುಗಳು 31 ಡಿಗ್ರಿ ಓರೆಯಾಗಿವೆ. ಆ ಡಾಂಬರಿನ ಏರನ್ನು ಕಾಲ್ನಡಿಗೆಯಲ್ಲಿ ಹತ್ತುವುದೇ ಕಷ್ಟ. ಅದರ ಮೇಲೆ 40ರಷ್ಟು ಕಾರುಗಳು ಒಂದಕ್ಕೊಂದು ಅಂಟಿಕೊಂಡಂತೆ, ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ಮಾಮೂಲಿ ಕಾರಿನ ಮಾದರಿಯ ಕಾರುಗಳನ್ನು ಓಡಿಸುವ ಸ್ಟಾಕ್ ಕಾರ್ ರೇಸಿಂಗ್‌ನ ಅತಿ ದೊಡ್ಡ ಪಂದ್ಯ ಡೇಟೋನಾ 500 ನಡೆಯುವುದು ಇಲ್ಲೇ. ಎರಡೂವರೆ ಮೈಲಿಯ ಟ್ರ್ಯಾಕು, 200 ಸುತ್ತು. ಬರೀ ಎಡಕ್ಕೆ ತಿರುಗುವುದರಲ್ಲಿ ಏನು ಜಾಣತನ ಎಂದು ಹೊಸಬರು ಕೇಳುವುದುಂಟು. ಅದಕ್ಕೆ ಉತ್ತರ ಚಾಲಕ ಜೂನಿಯರ್ ಜಾನ್ಸನ್ ಅವರ ಕಥೆಯಲ್ಲಿದೆ.

ಅಮೆರಿಕದ ದಕ್ಷಿಣದ ಗುಡ್ಡಗಾಡಿನಲ್ಲಿ ಕಳ್ಳಭಟ್ಟಿ ಸಾಗಿಸುವವರು ಪೊಲೀಸರ ಕೈಗೆ ಸಿಗದಿರಲು ಮಾಮೂಲಿ ಕಾರುಗಳ ಎಂಜಿನ್ ತಿದ್ದಿ ಓಡಿಸುತ್ತಿದ್ದರು. ಯಾರ ಕಾರು ಜೋರು ಎಂಬ ಪೈಪೋಟಿ ಪಂದ್ಯಗಳಾಗಿ ಬೆಳೆಯಿತು. ಬಿಲ್ ಫ್ರಾನ್ಸ್ 1948ರಲ್ಲಿ ನ್ಯಾಸ್ಕಾರ್ ಸಂಸ್ಥೆ ಕಟ್ಟಿ ಇಂಥ ಪಂದ್ಯಗಳಿಗೆ ನಿಯಮ ತಂದರು. ನಾರ್ತ್ ಕೆರೊಲಿನಾದ ಜಾನ್ಸನ್ ಅಪ್ಪನ ಭಟ್ಟಿಯ ಸಾರಾಯಿ ಸಾಗಿಸಿ ಪಳಗಿದವರು, ಜೈಲಿಗೂ ಹೋಗಿ ಬಂದವರು. 1960ರ ಡೇಟೋನಾ 500ಕ್ಕೆ ಅವರು ತಂದ ಷೆವರ್ಲೆ ಎದುರಾಳಿಗಳ ಪಾಂಟಿಯಾಕ್‌ಗಳಿಗಿಂತ ನಿಧಾನದ್ದು. ಆದರೆ ವೇಗದ ಕಾರಿನ ಬೆನ್ನಿಗೇ ಅಂಟಿ ಓಡಿಸಿದರೆ ತನ್ನದೂ ಅಷ್ಟೇ ವೇಗ ಹಿಡಿಯುತ್ತದೆ ಎಂಬುದನ್ನು ಅಭ್ಯಾಸದಲ್ಲಿ ಕಂಡುಕೊಂಡರು. ಪಂದ್ಯದಲ್ಲಿ ಅದನ್ನೇ ಮಾಡಿ ಗೆದ್ದರು.

ಇದೇ ಡ್ರಾಫ್ಟಿಂಗ್. ಲಾರಿಯ ಹಿಂದೆ ಸೈಕಲ್ ತುಳಿಯುವವನಿಗೆ ಎದುರುಗಾಳಿ ತಟ್ಟದಿರುವ ಹಾಗೆ, ಮುಂದಿನ ಕಾರು ಗಾಳಿ ಸೀಳಿಕೊಟ್ಟರೆ ಹಿಂದಿನದಕ್ಕೆ ಹಾದಿ ಸಲೀಸು. ಸೋಜಿಗವೆಂದರೆ ಮುಂದಿನ ಕಾರಿಗೂ ಇದರಿಂದ ಲಾಭ. ಅದನ್ನು ಹಿಂದಕ್ಕೆ ಜಗ್ಗುವ ಗಾಳಿಯ ಸೆಳೆತ ಕಡಿಮೆಯಾಗುತ್ತದೆ. ಹಾಗಾಗಿ ಡೇಟೋನಾದಲ್ಲಿ ಒಂಟಿ ಕಾರಿಗಿಂತ ಸಾಲುಗಟ್ಟಿದ ಎರಡು ಕಾರುಗಳ ವೇಗ ಹೆಚ್ಚು. ಗೆಲ್ಲಬೇಕಾದವನು ಎದುರಾಳಿಯ ನೆರವಿಲ್ಲದೆ ಮುಂದೆ ಬರಲಾರ.

ಈ ವೇಗದಲ್ಲಿ ಅಪಾಯವೂ ಇದೆ. 2001ರ ಡೇಟೋನಾ 500ರ ಕೊನೆಯ ಸುತ್ತಿನ ಅಪಘಾತದಲ್ಲಿ ಚಾಲಕ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡರು. ಅದೇ ವರ್ಷ ತಲೆ, ಕುತ್ತಿಗೆಯನ್ನು ಕಾಯುವ ಸಾಧನ ಕಡ್ಡಾಯವಾಯಿತು. ಅದನ್ನು ತೊಟ್ಟ ಚಾಲಕ ಪಕ್ಕಕ್ಕೆ ಹೊರಳಿ ನೋಡುವುದು ಕಷ್ಟ. ಹಾಗಾಗಿ ಪ್ರೇಕ್ಷಕರ ಗ್ಯಾಲರಿಯ ಮೇಲೆ ನಿಂತ ತಂಡದ ಸ್ಪಾಟರ್ ರೇಡಿಯೊದಲ್ಲಿ ಪಕ್ಕದಲ್ಲಿ ಕಾರಿದೆಯೇ, ದಾರಿ ಖಾಲಿಯೇ ಎಂದು ಹೇಳುತ್ತಲೇ ಇರುತ್ತಾನೆ.

ಚಿಕ್ಕ ಟ್ರ್ಯಾಕುಗಳ ಕಥೆ ಬೇರೆ. ಅರ್ಧ ಮೈಲಿಯ ಮಾರ್ಟಿನ್ಸ್‌ವಿಲ್‌ನಲ್ಲಿ ಬ್ರೇಕ್ ಡಿಸ್ಕುಗಳು ಕಾದು ಕೆಂಪಗಾಗುತ್ತವೆ. ಅಲ್ಲಿ ಚಾಲಕರ ಬಾಯಲ್ಲಿ ಕೇಳಿಬರುವುದು ಎರಡೇ ದೂರು. ಸ್ಟಿಯರಿಂಗ್ ತಿರುಗಿಸಿದರೂ ಮೂತಿ ಹೊರಗಿನ ಗೋಡೆಯತ್ತಲೇ ಹೋದರೆ ಕಾರು ‘ಟೈಟ್’; ಹಿಂಭಾಗ ಜಾರಿ ಗಿರಕಿ ಹೊಡೆಯಲು ನೋಡಿದರೆ ‘ಲೂಸ್’. ಮದ್ದು, ಪಂದ್ಯದ ನಡುವೆ ಕಾರು ನಿಲ್ಲಿಸಿ ಸರಿಪಡಿಸುವ ಪಿಟ್‌ನಲ್ಲಿದೆ. ಸಿಬ್ಬಂದಿಯೊಬ್ಬ ಹಿಂಬದಿಯ ಗಾಜಿನಲ್ಲಿರುವ ರಂಧ್ರಕ್ಕೆ ಉದ್ದ ಹಿಡಿಯ ಸ್ಪ್ಯಾನರ್ ಇಳಿಸಿ ಒಂದು ಸುತ್ತೋ ಅರ್ಧ ಸುತ್ತೋ ತಿರುಗಿಸುತ್ತಾನೆ. ನಾಲ್ಕು ಚಕ್ರಗಳ ಮೇಲಿನ ಭಾರದ ಹಂಚಿಕೆ ಕೊಂಚ ಬದಲಾಗುತ್ತದೆ. ಕಾರಿನ ನಡತೆಯೂ ಬದಲಾಗುತ್ತದೆ.

ಪಿಟ್ ಕೆಲಸವನ್ನು ಕಣ್ಣರಳಿಸಿ ನೋಡಬೇಕು. ಗೋಡೆ ಹಾರಿ ಬರುವವರು ಐದು ಜನ: ಜಾಕ್ ಹಿಡಿದವನು, ನಟ್ಟು ಬಿಚ್ಚುವ ಇಬ್ಬರು, ಟೈರು ಹೊರುವವನು, ಇಂಧನ ತುಂಬುವವನು. ಮೊದಲು ಬಲಬದಿ ಮೇಲೇಳುತ್ತದೆ, ಆಮೇಲೆ ಎಡಬದಿ. 2022ರ ಹೊಸ ಕಾರು ಬರುವ ತನಕ ಚಕ್ರಕ್ಕೆ ಐದು ನಟ್ಟುಗಳಿದ್ದವು, ಈಗ ನಡುವೆ ಒಂದೇ. ನಾಲ್ಕೂ ಟೈರು ಬದಲಿಸಿ ಇಂಧನ ತುಂಬಲು ಹತ್ತು ಸೆಕೆಂಡಿನ ಆಸುಪಾಸು ಸಾಕು.

ಅಪಘಾತವಾದರೆ ಹಳದಿ ಬಾವುಟ. ಮುಂದೆ ನಿಧಾನವಾಗಿ ಸಾಗುವ ಪೇಸ್ ಕಾರಿನ ಹಿಂದೆ ಎಲ್ಲರೂ ಸಾಲುಗೂಡುತ್ತಾರೆ. ಮುಂದಿದ್ದವನು ಗಳಿಸಿದ್ದ ಅಂತರವೆಲ್ಲ ಅಳಿಸಿಹೋಗುತ್ತದೆ. ತಂಡದ ಮುಖ್ಯಸ್ಥನ ಪರೀಕ್ಷೆ ಆಗಲೇ. ನಾಲ್ಕು ಟೈರು ಹಾಕಿಸಿ ಹಿಂದೆ ಬೀಳಬೇಕೆ, ಎಡ ತಿರುವಿನಲ್ಲಿ ಹೆಚ್ಚು ಭಾರ ಹೊರುವ ಬಲಗಡೆಯ ಎರಡನ್ನಷ್ಟೇ ಬದಲಿಸಬೇಕೆ, ಹಳೆಯ ಟೈರಿನಲ್ಲೇ ಮುಂದಿನ ಸ್ಥಾನ ಕಾಯಬೇಕೆ?

ಹೊಸದಾಗಿ ನೋಡುವವರು ಮುಂದಿರುವ ಕಾರಿಗೇ ಕಣ್ಣು ಕೀಲಿಸಬೇಡಿ. ನಡುವಿನ ಸಾಲಿನ ಒಂದು ಕಾರನ್ನು ಆರಿಸಿಕೊಳ್ಳಿ. ಪ್ರತಿ ಪಿಟ್ ಆದ ಮೇಲೆ ಅದು ಎಷ್ಟನೆಯ ಸ್ಥಾನದಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಒಂದೇ ಪಂದ್ಯದಲ್ಲಿ ಆಟ ಅರ್ಥವಾಗುತ್ತದೆ.