ಮೊಣಕಾಲಿನ ಶಸ್ತ್ರಕ್ರಿಯೆಯೂ ರಕ್ತದ ಅಂಜಿಕೆಯೂ

ಒಲೆಯೆದುರು ನಿಂತು ದೋಸೆ ಹೊಯ್ಯುವವರಿಗೂ, ತಟ್ಟೆ ಹಿಡಿದು ಮೇಜಿನಿಂದ ಮೇಜಿಗೆ ನಡೆಯುವವರಿಗೂ ಮೊಣಕಾಲೇ ಬಂಡವಾಳ. ಆ ಕೀಲು ಪೂರ್ಣವಾಗಿ ಸವೆದು, ಔಷಧ ವ್ಯಾಯಾಮಗಳಿಂದ ಗುಣ ಕಾಣದಿದ್ದಾಗ ವೈದ್ಯರು ಕೃತಕ ಕೀಲನ್ನು ಜೋಡಿಸುವ ಸಲಹೆಯನ್ನೀಯುತ್ತಾರೆ. ಆದರೆ “ರಕ್ತವೆಲ್ಲ ಹರಿದುಹೋದೀತು, ಈ ಪರವೂರಿನಲ್ಲಿ ರಕ್ತ ಕೊಡುವವರಾರು?” ಎಂಬ ಅಂಜಿಕೆಯಿಂದ ನಮ್ಮವರು ವರ್ಷಗಟ್ಟಲೆ ಕುಂಟುತ್ತಲೇ ದುಡಿಯುವುದುಂಟು. ಈ ಅಂಜಿಕೆಗೆ ಎಷ್ಟು ಆಧಾರವಿದೆಯೆಂಬುದನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಶಸ್ತ್ರಕ್ರಿಯೆಯ ವೇಳೆ ತೊಡೆಗೆ ಗಾಳಿ ತುಂಬುವ ಪಟ್ಟಿಯೊಂದನ್ನು ಬಿಗಿದು ರಕ್ತವನ್ನು ತಡೆಯುವುದು ಬಹುಕಾಲದ ರೂಢಿ. ಇದಕ್ಕೆ ಟೂರ್ನಿಕೆಟ್ ಎಂದು ಹೆಸರು. ರಕ್ತದೊತ್ತಡವನ್ನು ಅಳೆಯಲು ತೋಳಿಗೆ ಸುತ್ತುವ ಪಟ್ಟಿಯಂತೆಯೇ ಇದೂ ಕೆಲಸ ಮಾಡುತ್ತದೆ. 1904ರಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಇಂತಹ ಗಾಳಿಪಟ್ಟಿಯನ್ನು ಬಳಕೆಗೆ ತಂದರು. ರಕ್ತ ನಿಂತರೆ ವೈದ್ಯರಿಗೆ ಎಲುಬು ನಿಚ್ಚಳವಾಗಿ ಕಾಣುತ್ತದೆ. ಕೃತಕ ಕೀಲನ್ನು ಕೂಡಿಸುವ ಸಿಮೆಂಟು ಚೆನ್ನಾಗಿ ಹಿಡಿಯಲು ಅನುಕೂಲವಾಗುತ್ತದೆ.

ಆದರೆ ನಲ್ಲಿಯನ್ನು ಮುಚ್ಚಿದ ಮಾತ್ರಕ್ಕೆ ಕೊಳವೆಯ ಸೋರಿಕೆ ದುರಸ್ತಿಯಾಗದು. ಪಟ್ಟಿಯನ್ನು ಸಡಿಲಿಸಿದ ಬಳಿಕ ಕೀಲಿನೊಳಗೇ ರಕ್ತವು ಒಸರಬಹುದು. ಅತಿಯಾದ ಬಿಗಿತದಿಂದ ಸ್ನಾಯುಗಳಿಗೂ ನರಗಳಿಗೂ ಪೆಟ್ಟಾಗಬಹುದು. ಆದುದರಿಂದಲೇ ಸಾಮಾನ್ಯವಾಗಿ ಎರಡು ಗಂಟೆಗಿಂತ ಹೆಚ್ಚು ಕಾಲ ಅದನ್ನು ಬಿಗಿದಿಡುವುದಿಲ್ಲ. 41 ಪ್ರಯೋಗಗಳನ್ನು ಪರಿಶೀಲಿಸಿ ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವಿಮರ್ಶೆಯು, ಪಟ್ಟಿ ಬಿಗಿದವರಲ್ಲಿ ಮೊದಲ ದಿನದ ನೋವು ಹೆಚ್ಚೆಂದೂ, ಗಂಭೀರ ತೊಡಕುಗಳೂ ಹೆಚ್ಚುವ ಸಂಭವವಿದೆಯೆಂದೂ ತಿಳಿಸಿತು. ಕೆಲವು ವೈದ್ಯರು ಈಗ ಪಟ್ಟಿಯಿಲ್ಲದೆ, ಅಥವಾ ಸಿಮೆಂಟು ಹಾಕುವ ಹೊತ್ತಿನಲ್ಲಿ ಮಾತ್ರ ಬಿಗಿದು, ಕೆಲಸವನ್ನು ಮುಗಿಸುತ್ತಾರೆ.

ಇದಕ್ಕೆ ನೆರವಾದುದು ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧ. ಜಪಾನಿನ ಒಕಾಮೊಟೊ ದಂಪತಿಗಳು 1962ರಲ್ಲಿ ಲೋಕಕ್ಕೆ ತಿಳಿಸಿದ ಈ ಔಷಧವು, ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತವು ಬೇಗನೆ ಕರಗದಂತೆ ಕಾಯುತ್ತದೆ. ಇದರ ಬಳಕೆಯಿಂದ ಹೊರಗಿನ ರಕ್ತವನ್ನು ಕೊಡಬೇಕಾದ ಪ್ರಸಂಗಗಳು ಬಹಳ ಕಡಿಮೆಯಾಗಿವೆ.

ರೋಗಿಯ ಕರ್ತವ್ಯವೂ ಇದೆ. ಕೆಲವು ವಾರ ಮೊದಲೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ರಕ್ತಹೀನತೆಯಿದ್ದರೆ ಸರಿಪಡಿಸಿಕೊಳ್ಳಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಹೃದಯದ ಸ್ಟೆಂಟ್, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಇವನ್ನು ವೈದ್ಯರಿಂದ ಮುಚ್ಚಿಡಬಾರದು. ಮಾತ್ರೆಯನ್ನು ತಾನಾಗಿ ನಿಲ್ಲಿಸಲೂ ಬಾರದು. “ನನಗೆ ಪಟ್ಟಿ ಬಿಗಿಯುವಿರಾ, ಎಷ್ಟು ಹೊತ್ತು?” ಎಂದು ಕೇಳುವುದರಲ್ಲಿ ಅವಿನಯವಿಲ್ಲ. ಮನೆಗೆ ಬಂದ ಮೇಲೆ ಮೀನಖಂಡ ಊದಿ ನೋಯತೊಡಗಿದರೆ, ಅಥವಾ ಉಸಿರು ಕಟ್ಟಿದರೆ, ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಸನತ್‌ನಗರದಲ್ಲಿಯೇ ಇ.ಎಸ್.ಐ. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ವಿಮೆಗೆ ಸೇರಲು ಸಂಬಳದ ಮಿತಿಯನ್ನು 2017ರ ಜನವರಿಯಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಹೋಟೆಲು ಮಾಲಿಕರು ತಮ್ಮ ಕೆಲಸಗಾರರ ಹೆಸರನ್ನು ನೋಂದಾಯಿಸಲಿ. ಕೆಲಸಗಾರರು ಅದನ್ನು ಕೇಳಿ ಪಡೆಯಲಿ. ಅಂಜಿಕೆಯಿಂದ ಕುಂಟುವುದಕ್ಕಿಂತ, ತಿಳಿದು ಪ್ರಶ್ನಿಸಿ ನಿರ್ಧರಿಸುವುದು ಲೇಸೆಂದು ನಮ್ಮ ಅಭಿಪ್ರಾಯ.