ಚಿತ್ರದಲ್ಲಿ ಸ್ಫುಟತೆ

ಹವ್ಯಾಸಿ ಛಾಯಾಗ್ರಾಹಕರು ಒಂದೆಡೆ ಕಲೆತು ಪರಸ್ಪರರ ಚಿತ್ರಗಳನ್ನು ನೋಡುವಾಗ ಮೊದಲು ಕೇಳಿಬರುವ ಪ್ರಶ್ನೆ ವಸ್ತುವನ್ನು ಕುರಿತದ್ದಲ್ಲ, ಬೆಳಕನ್ನು ಕುರಿತದ್ದೂ ಅಲ್ಲ. ಚಿತ್ರ 'ಶಾರ್ಪ್' ಆಗಿದೆಯೇ ಎಂಬುದು. ಈ ಮಾತಿಗೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಕತ್ತಿಗಾದರೆ ಹರಿತ, ಮುಳ್ಳಿಗಾದರೆ ಮೊನಚು, ಬುದ್ಧಿಗಾದರೆ ಚುರುಕು. ಚಿತ್ರಕ್ಕೆ 'ಸ್ಫುಟ' ಎನ್ನೋಣ. ಸ್ಫುಟವೆಂದರೆ ಅರಳಿದ್ದು, ಒಡೆದು ತೋರಿದ್ದು. ಹರಿತವಾಗುವುದಕ್ಕೂ ಅರಳುವುದಕ್ಕೂ ಅಂತರವುಂಟು. ಆ ಅಂತರವನ್ನು ತಿಳಿಯುವುದೇ ಈ ಭಾಷಣದ ಉದ್ದೇಶ.

ಚಿತ್ರವೇಕೆ ಮಸುಕಾಗುತ್ತದೆ? ಮಸೂರವು ಒಂದು ದೂರಕ್ಕೆ ಮಾತ್ರ ನಿಖರವಾಗಿ ಹೊಂದಿಕೊಳ್ಳಬಲ್ಲದು. ಅದರ ಹಿಂದುಮುಂದಿನ ವಸ್ತುಗಳ ಪ್ರತಿಯೊಂದು ಬಿಂದುವೂ ಚುಕ್ಕೆಯಾಗಿ ಹರಡಿಕೊಳ್ಳುತ್ತದೆ. ಹಿಡಿದ ಕೈ ನಡುಗಿದರೂ, ಎದುರಿನ ವಸ್ತು ಚಲಿಸಿದರೂ ಬಿಂದುವು ಗೆರೆಯಾಗಿ ಎಳೆದುಹೋಗುತ್ತದೆ. ಕೈನಡುಕಕ್ಕೆ ಹಳಬರು ಹೇಳುವ ಒಂದು ಸೂತ್ರವಿದೆ: 35 ಮಿ.ಮೀ. ಕ್ಯಾಮರಾದಲ್ಲಿ 50 ಮಿ.ಮೀ. ಮಸೂರಕ್ಕೆ ಷಟರಿನ ವೇಗ ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕಿಂತ ನಿಧಾನವಾಗಬಾರದು, 200 ಮಿ.ಮೀ. ಆದರೆ ಇನ್ನೂರನೆಯ ಒಂದು ಭಾಗಕ್ಕಿಂತ. ಮಸೂರದ ರಂಧ್ರವನ್ನು ಕಿರಿದುಗೊಳಿಸಿದಷ್ಟೂ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಫುಟವಾಗುತ್ತವೆ. ಆದರೆ ಇದಕ್ಕೂ ಒಂದು ಮೇರೆಯಿದೆ. ಅತಿ ಕಿರಿದಾದ ರಂಧ್ರದ ಅಂಚಿನಲ್ಲಿ ಬೆಳಕೇ ಬಾಗಿ ಚದುರಿ, ಇಡೀ ಚಿತ್ರವನ್ನು ಮೆಲ್ಲನೆ ಮಸುಕುಗೊಳಿಸುತ್ತದೆ. ಎಲ್ಲವನ್ನೂ ಕಾಣಬೇಕೆಂಬ ಅತಿಯಾಸೆಯಿಂದ ಕಾಣಬೇಕಾದುದೂ ಮಂಕಾಗುವುದು ಹೀಗೆ.

ಇನ್ನೊಂದು ಸಂಗತಿ. ಸ್ಫುಟತೆ ಚಿತ್ರದೊಳಗೆ ಮಾತ್ರ ಇರುವ ಗುಣವಲ್ಲ. ನೋಡುವವನ ಕಣ್ಣಿಗೂ ಅದರಲ್ಲಿ ಪಾಲುಂಟು. ಒಂದು ಗೇಣಿನಷ್ಟು ದೂರದಲ್ಲಿ ಹಿಡಿದ ಪ್ರತಿಯಲ್ಲಿ, ಮಿಲಿಮೀಟರಿನ ಕಾಲು ಭಾಗದಷ್ಟು ಚುಕ್ಕೆಯನ್ನು ಸಾಮಾನ್ಯ ದೃಷ್ಟಿ ಬಿಂದುವೆಂದೇ ಒಪ್ಪಿಕೊಳ್ಳುತ್ತದೆ ಎಂಬುದು ಛಾಯಾಗ್ರಹಣದ ರೂಢಿಯ ಲೆಕ್ಕ. ಅಂಗೈಯಗಲದ ಪ್ರತಿಯಲ್ಲಿ ಸ್ಫುಟವಾದದ್ದು ಗೋಡೆಯಗಲಕ್ಕೆ ಹಿಗ್ಗಿಸಿ ಹತ್ತಿರ ನಿಂತರೆ ಮಸುಕು. ಹತ್ತು ಹೆಜ್ಜೆ ಹಿಂದೆ ಸರಿದರೆ ಮತ್ತೆ ಸ್ಫುಟ. ಇಂದು ಡಿಜಿಟಲ್ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ಕಣ್ಣರೆಪ್ಪೆಯ ಕೂದಲನ್ನು ಎಣಿಸುವವರು ಈ ಮಾತನ್ನು ನೆನೆಯಬೇಕು. ಗಣಕಯಂತ್ರದಲ್ಲಿ ಸ್ಫುಟತೆಯನ್ನು ಹೆಚ್ಚಿಸುವ ಸಾಮಾನ್ಯ ಕ್ರಮವೂ ಅಂಚುಗಳಲ್ಲಿ ಕಪ್ಪು ಬಿಳುಪಿನ ಅಂತರವನ್ನು ಏರಿಸುತ್ತದೆಯೇ ಹೊರತು, ಮಸೂರವು ಕಾಣದೆ ಬಿಟ್ಟುದನ್ನು ತಂದುಕೊಡುವುದಿಲ್ಲ.

ಹಾಗಾದರೆ ಮಸುಕು ಯಾವಾಗಲೂ ದೋಷವೇ? ಈ ಪ್ರಶ್ನೆಗೆ ಉತ್ತರವಾಗಿ ಒಬ್ಬ ಹವ್ಯಾಸಿಯ ಬಾಳು ನಮ್ಮೆದುರಿಗಿದೆ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅವರಿಗೆ 1863ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಮಗಳು ಅಳಿಯಂದಿರು ಒಂದು ಕ್ಯಾಮರಾವನ್ನು ಉಡುಗೊರೆಯಾಗಿ ಕೊಟ್ಟರು. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿದ್ದ ತಮ್ಮ ಮನೆಯಲ್ಲಿ ಆಕೆ ನೆಂಟರನ್ನೂ ಮನೆಗೆಲಸದವರನ್ನೂ ಕವಿಗಳನ್ನೂ ಕೂರಿಸಿ ಚಿತ್ರ ತೆಗೆದರು. ಫೋಕಸ್ ಹೊಂದಿಸುವಾಗ ಕಣ್ಣಿಗೆ ಸುಂದರವೆನಿಸಿದಲ್ಲಿಯೇ ನಿಲ್ಲಿಸುತ್ತಿದ್ದರು. ಅಲ್ಲಿಂದ ಮುಂದೆ ತಿರುಪನ್ನು ತಿರುಗಿಸುತ್ತಿರಲಿಲ್ಲ. ಅಂದಿನ ಛಾಯಾಗ್ರಹಣ ಪತ್ರಿಕೆಗಳು ಇದನ್ನು ಕಸುಬು ಬಾರದವಳ ಕೆಲಸವೆಂದು ಹಳಿದವು. ಆದರೆ 1867ರಲ್ಲಿ ಆಕೆ ತೆಗೆದ ವಿಜ್ಞಾನಿ ಜಾನ್ ಹರ್ಷೆಲರ ಭಾವಚಿತ್ರವನ್ನು ನೋಡಿ. ಕತ್ತಲೆಯಿಂದ ಮೂಡಿಬಂದ ಮುಖ, ಬೆಳಕಿಗೆ ಕೆದರಿದ ಬಿಳಿಗೂದಲು, ನೆಟ್ಟ ಕಣ್ಣುಗಳು. ಅಂಚುಗಳು ಕರಗಿವೆ, ಮನುಷ್ಯನು ಅರಳಿದ್ದಾನೆ. ಬೆಳಕಿನ ಚಿತ್ರವನ್ನು ಅಳಿಯದಂತೆ ನಿಲ್ಲಿಸುವ ಹೈಪೋ ದ್ರಾವಣದ ಗುಣವನ್ನು 1819ರಲ್ಲಿಯೇ ಕಂಡುಹಿಡಿದವರು ಇದೇ ಹರ್ಷೆಲ್.

ಇದಕ್ಕೆ ಪ್ರತಿಪಕ್ಷವೂ ಉಂಟು. ಮುಂದೆ ಮಸುಕೇ ಕಲೆಯೆಂಬ ಫ್ಯಾಷನ್ ಬೆಳೆದಾಗ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೊಜೆನ್ ಕನಿಂಗ್‌ಹ್ಯಾಮ್ ಮೊದಲಾದವರು 1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಬಳಗ ಕಟ್ಟಿದರು. ಮಸೂರದ ಅತಿ ಕಿರಿದಾದ ರಂಧ್ರದ ಅಳತೆಯಾದ 'ಎಫ್ 64' ಎಂಬುದನ್ನೇ ಅದಕ್ಕೆ ಹೆಸರಾಗಿಟ್ಟರು. ಬಂಡೆಯ ಒರಟು, ಎಲೆಯ ನರ, ಎಲ್ಲವೂ ಇದ್ದಂತೆಯೇ ಕಾಣಲಿ ಎಂಬುದು ಅವರ ಪಟ್ಟು. ಆದರೆ ವೆಸ್ಟನ್ ದುಡಿದದ್ದು ಎಂಟು ಹತ್ತು ಅಂಗುಲದ ದೊಡ್ಡ ನೆಗೆಟಿವ್‌ನಲ್ಲಿ. ಅದನ್ನು ಹಿಗ್ಗಿಸದೆ ಹಾಗೆಯೇ ಮುದ್ರಿಸುತ್ತಿದ್ದುದರಿಂದ ಬೆಳಕಿನ ಚದುರುವಿಕೆ ಕಣ್ಣಿಗೆ ಬೀಳುತ್ತಿರಲಿಲ್ಲ. ಪುಟ್ಟ ಕ್ಯಾಮರಾದವನು ರಂಧ್ರವನ್ನಷ್ಟೇ ಅನುಕರಿಸಿದರೆ ಫಲ ವಿಪರೀತವಾದೀತು.

ಈ ಎರಡು ಪಕ್ಷಗಳನ್ನು ಕಾವ್ಯಮೀಮಾಂಸೆಯ ಕಣ್ಣಿನಿಂದ ನೋಡಬಹುದು. ಪ್ರಸಾದಗುಣವನ್ನು ನಮ್ಮ ಲಾಕ್ಷಣಿಕರು ಮೆಚ್ಚಿದರು: ಅರ್ಥ ತಡವಿಲ್ಲದೆ ಹೊಳೆಯಬೇಕು. ಆದರೆ ಒಂಬತ್ತನೆಯ ಶತಮಾನದ ಆನಂದವರ್ಧನನು, ನೇರವಾಗಿ ಹೇಳಿದುದಕ್ಕಿಂತ ಸೂಚಿತವಾದುದೇ ಕಾವ್ಯದ ಆತ್ಮವೆಂದನು. ಇವೆರಡೂ ಒಂದನ್ನೊಂದು ಅಳಿಸುವುದಿಲ್ಲ. ಪದಗಳು ಸ್ಫುಟವಾಗಿದ್ದಾಗಲೇ ಧ್ವನಿ ಹೊಮ್ಮುತ್ತದೆ, ತೊದಲುಮಾತು ಧ್ವನಿಯಾಗದು. ಕ್ಯಾಮರಾನ್ ಅವರ ಮಸುಕು ಆಯ್ಕೆ. ಅಜಾಗರೂಕತೆಯ ಮಸುಕು ತೊದಲು.

ಆದ್ದರಿಂದ ಹವ್ಯಾಸಿಯು ಕಸುಬನ್ನು ಕಲಿಯಲಿ. ಕೈಯನ್ನು ನಿಲ್ಲಿಸುವುದನ್ನು, ಮುಖದ ಚಿತ್ರವಾದರೆ ಕಣ್ಣಿಗೇ ಫೋಕಸ್ ಹೊಂದಿಸುವುದನ್ನು ಅಭ್ಯಾಸ ಮಾಡಲಿ. ಬಳಿಕ, ಇದರಲ್ಲಿ ಯಾವುದು ಸ್ಫುಟವಾಗಬೇಕು, ಯಾವುದು ಹಿಂದೆ ಸರಿಯಬೇಕು ಎಂದು ತನ್ನನ್ನು ಕೇಳಿಕೊಳ್ಳಲಿ. ಪೆಟ್ಟಿಗೆಯಲ್ಲಿರುವ ಹಳೆಯ ಚಿತ್ರಗಳನ್ನು ಹರಿಯುವ ಮೊದಲು ಒಮ್ಮೆ ತಡೆಯಲಿ. ಅಜ್ಜಿ ನಕ್ಕ ಒಂದೇ ಒಂದು ಚಿತ್ರ ಆಕೆ ತಲೆಯಲುಗಿಸಿದ್ದರಿಂದ ಮಸುಕಾಗಿರಬಹುದು. ಮಸುಕಾಗಿರುವುದು ಮುಖದ ಗೆರೆ, ನಗೆಯಲ್ಲ.

(ಬಾನುಲಿ ಭಾಷಣ)